ಕ್ಯಾನ್ಸರ್ ಚಿಕಿತ್ಸೆ ಮತ್ತು ರಕ್ತದಲ್ಲಿನ ಕೊಬ್ಬು

ಕೊಲೆಸ್ಟರಾಲ್ ಎಂದೊಡನೆ ನಮಗೆ ನೆನಪಾಗುವುದು ಹೃದಯಾಘಾತ. ಅದು ಏರಿದರೆ ಅಂಜುತ್ತೇವೆ, ಇಳಿದರೆ ಹಿಗ್ಗುತ್ತೇವೆ. ಕ್ಯಾನ್ಸರ್ ರೋಗಿಯ ವಿಷಯದಲ್ಲಿ ಈ ಲೆಕ್ಕ ಎಷ್ಟೋ ವೇಳೆ ತಲೆಕೆಳಗಾಗುತ್ತದೆ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೋ ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಗೋ ತಿಂಗಳುಗಟ್ಟಲೆ ಎಡತಾಕುವ ಕುಟುಂಬಗಳು ಪ್ರತಿಯೊಂದು ರಕ್ತಪರೀಕ್ಷೆಯ ವರದಿಯಲ್ಲಿಯೂ ಆಶೆಯ ಎಳೆಯನ್ನು ಹುಡುಕುತ್ತವೆ. ಆದುದರಿಂದ ಈ ಅಂಕಿಗಳು ಏನನ್ನು ಹೇಳಬಲ್ಲವು, ಏನನ್ನು ಹೇಳಲಾರವು ಎಂಬುದನ್ನು ನಾವು ತಿಳಿದಿರುವುದು ಒಳಿತು.

ಇಳಿಕೆಗೆ ಕಾರಣವೇನು?

ಕೊಲೆಸ್ಟರಾಲ್ ನಮ್ಮ ಶತ್ರುವಲ್ಲ. ಪ್ರತಿಯೊಂದು ಜೀವಕೋಶದ ಹೊರಪೊರೆಗೂ ಅದು ಬೇಕೇ ಬೇಕು. ರಕ್ತದಲ್ಲಿ ಅದನ್ನು ಹೊತ್ತೊಯ್ಯುವ ವಾಹಕಗಳಲ್ಲಿ ಎಲ್‌ಡಿಎಲ್ ಮುಖ್ಯವಾದುದು. ಅದನ್ನು ಹಿಡಿದು ಒಳಗೆಳೆದುಕೊಳ್ಳುವ ಗ್ರಾಹಕಗಳು ಜೀವಕೋಶದ ಮೇಲ್ಮೈಯಲ್ಲಿರುತ್ತವೆ. ಇವನ್ನು ಕಂಡುಹಿಡಿದ ಅಮೆರಿಕದ ಮೈಕೇಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರಿಗೆ ೧೯೮೫ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ಅದೇ ವರ್ಷ ಸ್ವೀಡನ್ ದೇಶದ ಸಂಶೋಧಕರು ರಕ್ತದ ಕ್ಯಾನ್ಸರ್ ಕುರಿತ ಅಧ್ಯಯನವೊಂದನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ವೇಗವಾಗಿ ವೃದ್ಧಿಸುವ ರೋಗಕೋಶಗಳಿಗೆ ಹೊಸ ಪೊರೆ ಕಟ್ಟಲು ಕೊಲೆಸ್ಟರಾಲ್ ಬೇಕಷ್ಟೆ. ಆ ಕೋಶಗಳು ಎಲ್‌ಡಿಎಲ್ ಅನ್ನು ಹೆಚ್ಚು ಹೆಚ್ಚಾಗಿ ಸೆಳೆದುಕೊಂಡಂತೆಲ್ಲ ರೋಗಿಯ ರಕ್ತದಲ್ಲಿ ಕೊಲೆಸ್ಟರಾಲ್ ಕಡಿಮೆಯಾಗಿರುವುದನ್ನು ಅವರು ಕಂಡರು. ಚಿಕಿತ್ಸೆಯಿಂದ ರೋಗಕೋಶಗಳು ಅಳಿದಂತೆ ಅದು ಮತ್ತೆ ಮೇಲೇರಿತು. ಇದಕ್ಕೂ ಮುನ್ನ ೧೯೮೨ರಲ್ಲಿ, ಲ್ಯುಕೇಮಿಯಾ ಮತ್ತು ಲಿಂಫೋಮಾ ರೋಗಿಗಳಲ್ಲಿ ಎಚ್‌ಡಿಎಲ್ ತೀರ ಕೆಳಗಿಳಿದು, ರೋಗ ಶಮನವಾದಾಗ ಮರಳಿ ಏರುವುದನ್ನು ಅಮೆರಿಕದ ವೈದ್ಯರು ವರದಿ ಮಾಡಿದ್ದರು. ಅಂದರೆ ಇಲ್ಲಿ ಏರಿಕೆಯೇ ಶುಭಸೂಚನೆಯಾಗಬಹುದು!

ಔಷಧಗಳ ಪ್ರಭಾವ

ಹಾಗೆಂದು ಏರಿಕೆಯೆಲ್ಲ ಗುಣಮುಖವಾಗುವುದರ ಲಕ್ಷಣವೆಂದು ತಿಳಿಯಲಾಗದು. ಮಕ್ಕಳ ಲ್ಯುಕೇಮಿಯಾಕ್ಕೆ ಕೊಡುವ ಆಸ್ಪರಾಜಿನೇಸ್ ಮತ್ತು ಸ್ಟೆರಾಯ್ಡ್ ಔಷಧಗಳಿಂದ ಟ್ರೈಗ್ಲಿಸರೈಡ್ ಕೆಲವೊಮ್ಮೆ ೧೦೦೦ ಮಿಲಿಗ್ರಾಂ ದಾಟುವುದುಂಟು. ಸಾಮಾನ್ಯವಾಗಿ ಇದು ತಾತ್ಕಾಲಿಕ. ಆದರೂ ಮೇದೋಜೀರಕ ಗ್ರಂಥಿಯ ಉರಿಯೂತದ ಅಪಾಯವಿರುವುದರಿಂದ, ಮಗುವಿಗೆ ತೀವ್ರ ಹೊಟ್ಟೆನೋವು, ವಾಂತಿ ಕಾಣಿಸಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಸ್ತನ ಕ್ಯಾನ್ಸರಿಗೆ ಕೊಡುವ ಟೆಮಾಕ್ಸಿಫೆನ್ ಎಲ್‌ಡಿಎಲ್ ಅನ್ನು ತಗ್ಗಿಸುತ್ತದೆ. ಕೆಲವರಲ್ಲಿ ಟ್ರೈಗ್ಲಿಸರೈಡನ್ನು ಏರಿಸುತ್ತದೆ. ಪ್ರಾಸ್ಟೇಟ್ ಕ್ಯಾನ್ಸರಿನ ಹಾರ್ಮೋನ್ ಚಿಕಿತ್ಸೆಯಿಂದಲೂ ಕೊಬ್ಬಿನಂಶ ಹೆಚ್ಚಬಹುದು. ಇವು ಔಷಧದ ಪರಿಣಾಮಗಳೇ ಹೊರತು ರೋಗ ಬಗ್ಗಿತೋ ಬಲಿಯಿತೋ ಎಂಬುದಕ್ಕೆ ಸಾಕ್ಷಿಯಲ್ಲ.

ಊಟ ಸೇರದೆ ಮೈ ಸೊರಗಿದಾಗ, ಯಕೃತ್ತು ಬಳಲಿದಾಗ, ಸೋಂಕು ತಗಲಿದಾಗಲೂ ಕೊಲೆಸ್ಟರಾಲ್ ಇಳಿಯುತ್ತದೆ. ಇಷ್ಟೊಂದು ಕಾರಣಗಳು ಹೆಣೆದುಕೊಂಡಿರುವುದರಿಂದಲೇ ವೈದ್ಯರು ಕೊಬ್ಬಿನ ಪರೀಕ್ಷೆಯೊಂದನ್ನೇ ನೆಚ್ಚಿ ಚಿಕಿತ್ಸೆಯ ಫಲವನ್ನು ನಿರ್ಣಯಿಸುವುದಿಲ್ಲ. ತೀವ್ರ ಲ್ಯುಕೇಮಿಯಾದಲ್ಲಿ ಅಸ್ಥಿಮಜ್ಜೆಯನ್ನು ಪರೀಕ್ಷಿಸುತ್ತಾರೆ. ಅದರಲ್ಲಿ ಅಪಕ್ವ ಕೋಶಗಳು ಶೇಕಡಾ ೫ಕ್ಕಿಂತ ಕಡಿಮೆಯಾಗಿ, ರಕ್ತಕಣಗಳ ಸಂಖ್ಯೆಯೂ ಚೇತರಿಸಿರಬೇಕು. ಗಡ್ಡೆಗಳ ಕ್ಯಾನ್ಸರಿನಲ್ಲಿ ಸ್ಕ್ಯಾನ್ ಮುಖ್ಯ.

ಮನೆಯವರು ಮಾಡಬೇಕಾದುದು

ಕೊಲೆಸ್ಟರಾಲ್ ಇಳಿದಿದೆಯೆಂದು ರೋಗಿಗೆ ಬಲವಂತವಾಗಿ ತುಪ್ಪ ತಿನ್ನಿಸುವುದು ಬೇಡ. ಹೊರಗಿನಿಂದ ತುಂಬಿಸಿದ ಕೊಬ್ಬಿನಿಂದ ರೋಗ ಶಮನವಾಗದು. ಏರಿದೆಯೆಂದು ಹೆದರಿ ಕ್ಯಾನ್ಸರ್ ಔಷಧವನ್ನು ತಾವಾಗಿ ನಿಲ್ಲಿಸುವುದಂತೂ ಪ್ರಾಣಕ್ಕೇ ಎರವಾದೀತು. ಎಲ್ಲ ವರದಿಗಳನ್ನೂ ದಿನಾಂಕದ ಕ್ರಮದಲ್ಲಿ ಒಂದು ಫೈಲಿನಲ್ಲಿ ಜೋಡಿಸಿಡಬೇಕು. ಸೇವಿಸುತ್ತಿರುವ ಗುಳಿಗೆ, ಕಷಾಯ, ಲೇಹ್ಯಗಳಾದಿಯಾಗಿ ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ವೈದ್ಯರಿಗೆ ತಿಳಿಸಬೇಕು. ಪರೀಕ್ಷೆಗೆ ಮುನ್ನ ಉಪವಾಸವಿರಬೇಕೇ ಎಂದು ಕೇಳಿಕೊಳ್ಳಬೇಕು. ಊಟದ ನಂತರ ಟ್ರೈಗ್ಲಿಸರೈಡ್ ಏರುವುದು ಸಹಜ.

ಒಂದು ವರದಿಯ ಒಂದು ಅಂಕಿ ರೋಗಿಯ ಭವಿಷ್ಯವನ್ನು ಬರೆಯಲಾರದು. ಅದನ್ನು ಕಂಡು ಹಿಗ್ಗುವ ಅಥವಾ ಕುಗ್ಗುವ ಮುನ್ನ ವೈದ್ಯರನ್ನು ಒಂದು ಮಾತು ಕೇಳೋಣ. ಧೈರ್ಯ ತುಂಬಬೇಕಾದ ನಾವೇ ತಪ್ಪು ತಿಳಿವಳಿಕೆಯಿಂದ ರೋಗಿಯ ನೆಮ್ಮದಿ ಕೆಡಿಸದಿರೋಣ.