ಪೊಟ್ಯಾಸಿಯಂ ಕಾವಲು ಸಡಿಲಿದಾಗ

ಎದೆಮೂಳೆಯ ಹಿಂದೆ ಥೈಮಸ್ ಎಂಬ ಪುಟ್ಟ ಗ್ರಂಥಿಯಿದೆ. ರೋಗಾಣುಗಳ ವಿರುದ್ಧ ಹೋರಾಡುವ ಟಿ ಕೋಶಗಳು ಬಲಿಯುವುದು ಇಲ್ಲೇ. ಆದರೆ ಇಲ್ಲಿನ ಎಳೆಯ ಕೋಶಗಳಲ್ಲಿ ಬಹುಪಾಲು ಹೊರಗೆ ಬರುವುದೇ ಇಲ್ಲ. ಕೆಲಸಕ್ಕೆ ಬಾರದವು, ನಮ್ಮ ದೇಹದ ಮೇಲೇ ಎರಗಬಲ್ಲವು ಅಲ್ಲೇ ಸಾಯುತ್ತವೆ. ಇಂಥ ಕ್ರಮಬದ್ಧ ಸಾವಿಗೆ 1972ರಲ್ಲಿ ಕೆರ್, ವೈಲಿ ಮತ್ತು ಕರಿ ಎಂಬ ವಿಜ್ಞಾನಿಗಳು 'ಅಪೊಪ್ಟೋಸಿಸ್' ಎಂದು ಹೆಸರಿಟ್ಟರು.

ಈ ಸಾವನ್ನು ನಿಯಂತ್ರಿಸುವ ಜೀನ್‌ಗಳ ಕುರಿತ ಸಂಶೋಧನೆಗೆ 2002ರಲ್ಲಿ ನೊಬೆಲ್ ಬಂತು. ಅಷ್ಟೇ ಮುಖ್ಯವಾದ ಇನ್ನೊಂದು ಸಂಗತಿಗೆ ಅಷ್ಟು ಪ್ರಚಾರ ಸಿಗಲಿಲ್ಲ. ಅದು ಲವಣಗಳ ಲೆಕ್ಕ.

ಬದುಕಿರುವ ಕೋಶದೊಳಗೆ ಪೊಟ್ಯಾಸಿಯಂ ಲೀಟರಿಗೆ ಸುಮಾರು 140 ಮಿಲಿಮೋಲ್. ಹೊರಗಿನ ದ್ರವದಲ್ಲಿ ಬರೀ 4–5. ಸೋಡಿಯಂ ಇದಕ್ಕೆ ತದ್ವಿರುದ್ಧ. ಈ ಅಂತರವನ್ನು ಕಾಯುವುದು ಕೋಶದ ಪೊರೆಯಲ್ಲಿರುವ ಒಂದು ಪಂಪು. ಪ್ರತಿ ಸುತ್ತಿಗೂ ಅದು ಮೂರು ಸೋಡಿಯಂ ಅಯಾನುಗಳನ್ನು ಹೊರಗಟ್ಟಿ, ಎರಡು ಪೊಟ್ಯಾಸಿಯಂ ಅಯಾನುಗಳನ್ನು ಒಳಗೆ ತರುತ್ತದೆ. ಡೆನ್ಮಾರ್ಕಿನ ಯೆನ್ಸ್ ಸ್ಕೌ 1957ರಲ್ಲಿ ಏಡಿಯ ನರಗಳಲ್ಲಿ ಇದನ್ನು ಗುರುತಿಸಿದರು.

ಸಾವಿನ ಸೂಚನೆ ಬಂದಾಗ ಪೊರೆಯ ದಾರಿಗಳು ತೆರೆದು ಪೊಟ್ಯಾಸಿಯಂ, ಕ್ಲೋರೈಡ್ ಹೊರಹೋಗುತ್ತವೆ. ಅವುಗಳ ಹಿಂದೆಯೇ ನೀರೂ ಹೋಗಿ ಕೋಶ ಕುಗ್ಗುತ್ತದೆ. ಇದು ಸಾವಿನ ಬರೀ ಲಕ್ಷಣವಲ್ಲ ಎಂದು 1997ರಲ್ಲಿ ಅಮೆರಿಕದ ಜಾನ್ ಸಿಡ್ಲೋವ್ಸ್ಕಿ ಅವರ ತಂಡ, ಟಿ ಕೋಶಗಳೂ ಸೇರಿದ ಬಿಳಿ ರಕ್ತಕಣಗಳಾದ ಲಿಂಫೊಸೈಟ್‌ಗಳಲ್ಲಿ ತೋರಿಸಿತು. ಪೊಟ್ಯಾಸಿಯಂ ಸಹಜ ಮಟ್ಟದಲ್ಲಿರುವಷ್ಟು ಕಾಲ ಕೋಶವನ್ನು ಕೊಲ್ಲುವ ಕ್ಯಾಸ್ಪೇಸ್ ಕಿಣ್ವಗಳಿಗೂ ಡಿಎನ್‌ಎ ಕತ್ತರಿಸುವ ಕಿಣ್ವಗಳಿಗೂ ಕಡಿವಾಣವಿರುತ್ತದೆ. ಅದು ಇಳಿದಾಗ ಅವು ಕೆಲಸಕ್ಕೆ ತೊಡಗುತ್ತವೆ. ಕುಗ್ಗಿದ ಕೋಶ ಒಡೆದು ಚೆಲ್ಲುವ ಮೊದಲೇ ನೆರೆಯ ಕೋಶಗಳು ಅದನ್ನು ನುಂಗುವುದರಿಂದ ಉರಿಯೂತ ಹುಟ್ಟುವುದಿಲ್ಲ.

ಅದೇ ಪೊಟ್ಯಾಸಿಯಂ ನಷ್ಟ, ರೋಗಾಣುಗಳನ್ನು ನುಂಗುವ ರಕ್ಷಣಾ ಕೋಶವಾದ ಮ್ಯಾಕ್ರೊಫೇಜ್‌ನಲ್ಲಿ ಬೇರೆಯದೇ ಪರಿಣಾಮ ಬೀರಬಲ್ಲದು. ಅಲ್ಲಿ ಎನ್‌ಎಲ್‌ಆರ್‌ಪಿ3 ಎಂಬ ಪ್ರೋಟೀನು ಎಚ್ಚೆತ್ತು, ಗ್ಯಾಸ್ಡರ್ಮಿನ್ ಪ್ರೋಟೀನುಗಳು ಪೊರೆಗೆ ರಂಧ್ರ ಕೊರೆಯುತ್ತವೆ. ಸೋಡಿಯಂ, ನೀರು ನುಗ್ಗಿ ಕೋಶ ಉಬ್ಬಿ ಒಡೆಯುತ್ತದೆ. ಸುತ್ತಲೂ ಉರಿಯೂತ ಹಬ್ಬುತ್ತದೆ. ಇದೇ ಪೈರೊಪ್ಟೋಸಿಸ್. ಸೋಂಕಿನ ವಿರುದ್ಧ ಇದು ಅಸ್ತ್ರ, ಮಿತಿಮೀರಿದರೆ ದೇಹಕ್ಕೇ ಕಂಟಕ.

ಮಕ್ಕಳ ರಕ್ತಕ್ಯಾನ್ಸರಿಗೆ ಕೊಡುವ ಡೆಕ್ಸಾಮೆಥಾಸೋನ್, ಕೆಟ್ಟ ಲಿಂಫೊಸೈಟ್‌ಗಳನ್ನು ಅಪೊಪ್ಟೋಸಿಸ್ ದಾರಿಗೆ ತಳ್ಳಿಯೇ ಕೊಲ್ಲುತ್ತದೆ. ಹಾಗಾಗಿ ಕೋಶವೊಂದು ಹೇಗೆ ಸಾಯುತ್ತದೆ ಎಂಬುದು ಚಿಕಿತ್ಸೆಯ ಪ್ರಶ್ನೆಯೂ ಹೌದು. ಅದಕ್ಕೆ ಉತ್ತರ ಹುಡುಕುವವರು ಜೀನ್‌ಗಳ ಜೊತೆಗೆ ಅಯಾನುಗಳನ್ನೂ ಅಳೆಯಲೇಬೇಕು.