ಇದ್ದ ಜಾಗದಲ್ಲೇ ಬಾಗಿಲು ತಿದ್ದುವುದು

ಸಂಕ್ರಾಂತಿಗೆ ಸಕ್ಕರೆ ಅಚ್ಚು ಹೊಯ್ಯುವಾಗ ಒಂದೇ ಮರದ ಅಚ್ಚಿನಿಂದ ನೂರು ಗಿಳಿ ಏಳುತ್ತವೆ. ಆಮೇಲೆ ಅಚ್ಚಿನಲ್ಲಿ ಗಿಳಿಯ ಕೊಕ್ಕು ತಿದ್ದಿದರೂ ಡಬ್ಬಿ ಸೇರಿದ ಗಿಳಿಗಳು ಹಾಗೇ ಇರುತ್ತವೆ. ಆಟೋಕ್ಯಾಡ್‌ನ ಬ್ಲಾಕ್ ಕೂಡ ಇಂಥದೇ ಅಚ್ಚು. ಆದರೆ ಇಲ್ಲಿ ಅಚ್ಚು ತಿದ್ದಿದರೆ ಆಗಲೇ ತೆಗೆದಿಟ್ಟ ಗಿಳಿಗಳೂ ಬದಲಾಗಿಬಿಡುತ್ತವೆ. ನಕ್ಷೆಯಲ್ಲಿ ನಲವತ್ತು ಬಾಗಿಲು ಕಂಡರೂ ಬಾಗಿಲಿನ ಗೆರೆಗಳು ಫೈಲ್‌ನಲ್ಲಿರುವುದು ಒಂದೇ ಸಲ. ಉಳಿದದ್ದೆಲ್ಲ ‘ಇಲ್ಲಿ, ಇಷ್ಟು ದೊಡ್ಡದಾಗಿ, ಇಷ್ಟು ತಿರುಗಿಸಿ ಇಡು’ ಎಂಬ ಸೂಚನೆ ಮಾತ್ರ. ಈ ಆಲೋಚನೆ ಆಟೋಕ್ಯಾಡ್‌ಗಿಂತ ಹಳೆಯದು. ಇವಾನ್ ಸದರ್ಲೆಂಡ್ 1963ರಲ್ಲಿ ಎಂಐಟಿಗೆ ಸಲ್ಲಿಸಿದ ಸ್ಕೆಚ್‌ಪ್ಯಾಡ್ ಪ್ರಬಂಧದಲ್ಲೇ ಮೂಲ ಚಿತ್ರ ತಿದ್ದಿದರೆ ಅದರ ಪ್ರತಿಗಳೆಲ್ಲ ತಿದ್ದಿಕೊಳ್ಳುವ ಏರ್ಪಾಡಿತ್ತು.

ಈಗ ಬಾತ್‌ರೂಮಿನ ಬಾಗಿಲು ತೆರೆದರೆ ವಾಶ್ ಬೇಸಿನ್‌ಗೆ ತಾಗುತ್ತಿದೆ ಎಂದುಕೊಳ್ಳಿ. ಬಾಗಿಲನ್ನು 800ರಿಂದ 750 ಮಿ.ಮೀ.ಗೆ ಇಳಿಸಬೇಕು. ಬ್ಲಾಕ್ ಎಡಿಟರ್ ತೆರೆದರೆ ಬಾಗಿಲೊಂದೇ ಖಾಲಿ ಪರದೆಯ ಮೇಲೆ ನಿಲ್ಲುತ್ತದೆ. ಗೋಡೆಯೂ ಇಲ್ಲ, ಬೇಸಿನ್ನೂ ಇಲ್ಲ. ಯಾವುದಕ್ಕೆ ತಾಗುತ್ತದೆ ಎಂದು ನೋಡುವುದೇ ನಿಮ್ಮ ಕೆಲಸವಾಗಿದ್ದರೆ ಅಲ್ಲಿಗೆ ಹೋಗಿ ಪ್ರಯೋಜನವಿಲ್ಲ. ಅದಕ್ಕೆ ರೆಫ್‌ಎಡಿಟ್ ಎಂಬ ಕಮಾಂಡ್ ಇದೆ. ಬಾಗಿಲನ್ನು ಆರಿಸಿ ರೈಟ್ ಕ್ಲಿಕ್ ಮಾಡಿದರೆ ‘ಎಡಿಟ್ ಬ್ಲಾಕ್ ಇನ್-ಪ್ಲೇಸ್’ ಎಂದು ಸಿಗುವುದೂ ಇದೇ. ಬಾಗಿಲಿನೊಳಗೆ ಹಿಡಿಕೆ ಇನ್ನೊಂದು ಬ್ಲಾಕ್ ಆಗಿದ್ದರೆ ಯಾವುದನ್ನು ತಿದ್ದಬೇಕೆಂದು ಕೇಳುತ್ತದೆ. ಆರಿಸಿದ ಮೇಲೆ ಬಾಗಿಲು ಸ್ಪಷ್ಟವಾಗಿ ನಿಂತು ಸುತ್ತಲಿನದೆಲ್ಲ ಮಂಕಾಗುತ್ತದೆ. ತೀರಾ ಮಸುಕೆನಿಸಿದರೆ ಎಕ್ಸ್‌ಫೇಡ್‌ಸಿಟಿಎಲ್ ಎಂಬಲ್ಲಿ ಇರುವ ಅಂಕಿಯನ್ನು ಕಡಿಮೆ ಮಾಡಿಕೊಳ್ಳಿ. ಮಂಕಾದ ಗೆರೆಗಳಿಗೂ ಸ್ನ್ಯಾಪ್ ಹಿಡಿಯಬಹುದು. ಈ ವಿಧಾನದ ನಿಜವಾದ ಉಪಕಾರ ಅದೇ. ಕೆಲಸ ಮುಗಿದ ಮೇಲೆ ರೆಫ್‌ಕ್ಲೋಸ್ ಕೊಟ್ಟು ಉಳಿಸಿ, ಇಲ್ಲವೇ ಕೈಬಿಡಿ.

ಉಳಿಸುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದೊಂದು ಬಾಗಿಲೋ, ಈ ಹೆಸರಿನ ಎಲ್ಲ ಬಾಗಿಲುಗಳೋ? ಕಣ್ಣೆದುರು ಒಂದೇ ಬಾಗಿಲು ಇರುವುದರಿಂದ ಅದನ್ನಷ್ಟೇ ತಿದ್ದುತ್ತಿದ್ದೇವೆ ಎಂದು ಮನಸ್ಸು ನಂಬಿಬಿಡುತ್ತದೆ. ನಾನೂ ಹಾಗೆ ನಂಬಿ, ಕೆಳಮಹಡಿಯ ಒಂದು ಬಾತ್‌ರೂಮಿಗಾಗಿ ಇಡೀ ಕಟ್ಟಡದ ಬಾತ್‌ರೂಮ್ ಬಾಗಿಲುಗಳನ್ನು ಕಿರಿದು ಮಾಡಿದ್ದೆ. ಗೊತ್ತಾಗುವ ಹೊತ್ತಿಗೆ ಪ್ರಿಂಟ್ ಸೈಟ್‌ಗೆ ಹೋಗಿಯಾಗಿತ್ತು. ಒಂದನ್ನೇ ಬದಲಿಸಬೇಕಿದ್ದರೆ ಬ್ಲಾಕ್ ಎಡಿಟರ್‌ನಲ್ಲಿ ಬಿಸೇವ್‌ಆಸ್ ಕೊಟ್ಟು ಬೇರೆ ಹೆಸರಿಗೆ ಉಳಿಸಿ, ಹೊಸದನ್ನು ಆ ಜಾಗಕ್ಕೆ ತಂದು ಕೂರಿಸಿ.

ಇನ್ನೊಂದು ಎಡವಟ್ಟು ಅಳತೆಯದು. ಎರಡು ಪಟ್ಟು ಹಿಗ್ಗಿಸಿ ಇಟ್ಟ ಪ್ರತಿಯನ್ನು ತೆರೆದು ಅದರಲ್ಲಿ 100 ಮಿ.ಮೀ. ಗೆರೆ ಎಳೆದರೆ ಮೂಲದಲ್ಲಿ ಅದು 50 ಆಗಿ ಸೇರುತ್ತದೆ. ಹಿಗ್ಗಿಸದ, ಕುಗ್ಗಿಸದ ಪ್ರತಿಯನ್ನು ಹುಡುಕಿ ತೆರೆಯುವುದು ಒಳ್ಳೆಯದು. ಲೇಯರ್ ಮೇಲೂ ಕಣ್ಣಿಡಿ: ಹೊಸ ಗೆರೆಗಳು ಆಗ ಚಾಲ್ತಿಯಲ್ಲಿರುವ ಲೇಯರ್‌ಗೇ ಹೋಗುತ್ತವೆ. ಬ್ಲಾಕ್‌ನ ಉಳಿದ ಗೆರೆಗಳು ಲೇಯರ್ 0ಯಲ್ಲಿದ್ದರೆ ಮೊದಲೇ ಅಲ್ಲಿಗೆ ಬನ್ನಿ. ಇಲ್ಲದಿದ್ದರೆ ಬಾಗಿಲಿನ ಅರ್ಧ ಒಂದು ಬಣ್ಣ, ಅರ್ಧ ಇನ್ನೊಂದು.

ಎಕ್ಸ್‌ಪ್ಲೋಡ್ ಮಾಡಿ, ತಿದ್ದಿ, ಅದೇ ಹೆಸರಿನಲ್ಲಿ ಮತ್ತೆ ಬ್ಲಾಕ್ ಮಾಡುವ ಹಳೆಯ ದಾರಿಯನ್ನು ಕೆಲವರು ಇನ್ನೂ ಬಿಟ್ಟಿಲ್ಲ. ನಾನು ಬೇಡವೆನ್ನುತ್ತೇನೆ. ಆಧಾರಬಿಂದು ಹತ್ತು ಮಿ.ಮೀ. ಆಚೀಚೆ ಹಿಡಿದರೆ ಎಲ್ಲ ಬಾಗಿಲುಗಳೂ ಅಷ್ಟೇ ದೂರ ಸರಿದು ಗೋಡೆಯಿಂದ ಹೊರಬೀಳುತ್ತವೆ. ಇದ್ದಲ್ಲೇ ತಿದ್ದಿದರೆ ಆ ಬಿಂದು ಕದಲುವುದಿಲ್ಲ.

ಬಾಗಿಲಿನ ನಂಬರಿನಂಥ ಅಟ್ರಿಬ್ಯೂಟ್‌ಗಳನ್ನು ಬದಲಿಸಿದರೆ ಆಗಲೇ ಕೂತ ಪ್ರತಿಗಳಲ್ಲಿ ಅದು ಕಾಣುವುದಿಲ್ಲ. ಅಟ್‌ಸಿಂಕ್ ಕೊಡಬೇಕು. ಎಮ್‌ಇನ್ಸರ್ಟ್‌ನಿಂದ ಸಾಲಾಗಿ ಇಟ್ಟವುಗಳನ್ನು ರೆಫ್‌ಎಡಿಟ್ ಮುಟ್ಟಲಾರದು.

ಎಕ್ಸ್‌ರೆಫ್ ಆಗಿ ಜೋಡಿಸಿದ ಫೈಲ್‌ಗೂ ಇದೇ ಕಮಾಂಡ್ ನಡೆಯುತ್ತದೆ. ಆದರೆ ಸ್ಟ್ರಕ್ಚರಲ್ ಎಂಜಿನಿಯರರ ಫೈಲ್ ಜೋಡಿಸಿದ್ದರೆ, ಅಲ್ಲಿ ಉಳಿಸಿದಾಗ ಬದಲಾಗುವುದು ಅವರ ಮೂಲ ಫೈಲ್. ಪಿಲ್ಲರ್ ಎರಡಿಂಚು ಸರಿಸುವ ಮೊದಲು ಅವರಿಗೆ ಫೋನ್ ಮಾಡಿ. ಬೇರೆಯವರು ಹೀಗೆ ಒಳಗೆ ಕೈಹಾಕುವುದು ಬೇಡ ಅನಿಸಿದರೆ ಎಂಜಿನಿಯರರು ತಮ್ಮ ಫೈಲ್‌ನಲ್ಲಿ ಎಕ್ಸ್‌ಎಡಿಟ್ ಅನ್ನು 0 ಮಾಡಿಟ್ಟುಕೊಳ್ಳಬಹುದು.