ನಿಂತಿದ್ದೇ ತಪ್ಪಾ, ರೆಫರಿ ಸಾಹೇಬ್ರೇ?

"ಗೋಲ್!" ಅಂತ ಒಂದು ಕಡೆಯವರು ಕುಣಿಯುತ್ತಾರೆ. "ಆಫ್‌ಸೈಡ್!" ಅಂತ ಇನ್ನೊಂದು ಕಡೆಯವರು ಕೈ ಎತ್ತುತ್ತಾರೆ. ಸೀಟಿ ಹಿಡಿದವನು ನಡುವೆ ನಿಂತು ಇಬ್ಬರ ಮುಖವನ್ನೂ ನೋಡುತ್ತಾನೆ. ಬಿಕ್ಕೋಡು, ಅರೇಹಳ್ಳಿ ಕಡೆಯ ಕಾಫಿ ಸೀಮೆಯಲ್ಲಿ ಕತ್ತಲಾಗುವ ಮುಂಚೆ ಹುಡುಗರು ಮನೆ ಸೇರಬೇಕು, ಕಾಡಾನೆ ಭಯ. ಸಿಗೋ ಒಂದು ಗಂಟೆ ಬೆಳಕಿನಲ್ಲಿ ಅರ್ಧ ಗಂಟೆ ಜಗಳಕ್ಕೇ ಹೋದರೆ ಫುಟ್‌ಬಾಲ್ ಆಡೋದು ಯಾವಾಗ ಸ್ವಾಮಿ?

ಇದು ಹಳ್ಳಿ ಹುಡುಗರ ದಡ್ಡತನ ಅಂದುಕೊಳ್ಳಬೇಡಿ. 2022ರ ನವೆಂಬರ್ 22ರಂದು ಕತಾರ್ ವಿಶ್ವಕಪ್‌ನಲ್ಲಿ ಸೌದಿ ಅರೇಬಿಯಾ ವಿರುದ್ಧ ಅರ್ಜೆಂಟೀನಾ ಮೊದಲರ್ಧದಲ್ಲೇ ಮೂರು ಗೋಲುಗಳನ್ನು ಆಫ್‌ಸೈಡಿಗೆ ಕಳೆದುಕೊಂಡಿತು. ಕೊನೆಗೆ 2-1ರಲ್ಲಿ ಸೋತೇ ಹೋಯಿತು. ಮೆಸ್ಸಿಯೇ ಎಡವಿದ ಜಾಗ ಇದು.

ಹಾಗಾದರೆ ನಿಯಮ ಏನು? ಕಬಡ್ಡಿಯ ಗೆರೆ ಸುಣ್ಣದ್ದು, ಹಾಕಿದ ಜಾಗದಲ್ಲೇ ಇರುತ್ತದೆ. ಆಫ್‌ಸೈಡ್ ಗೆರೆ ಮಾತ್ರ ಎದುರಾಳಿಯ ಜೊತೆಯಲ್ಲೇ ಓಡಾಡುತ್ತದೆ. ಎದುರಾಳಿಯ ಅರ್ಧದಲ್ಲಿ, ಚೆಂಡಿಗಿಂತಲೂ ಮುಂದೆ, ಎದುರಾಳಿಗಳಲ್ಲಿ ಕೊನೆಯಿಂದ ಎರಡನೆಯವನಿಗಿಂತಲೂ ಮುಂದೆ ತಲೆಯೋ, ಮೈಯೋ, ಕಾಲೋ ಚಾಚಿದ್ದರೆ ಅದು ಆಫ್‌ಸೈಡ್ ಜಾಗ. ಕೈ ಲೆಕ್ಕಕ್ಕಿಲ್ಲ. ಇಬ್ಬರೂ ಸರಿಸಮ ಇದ್ದರೆ ತಪ್ಪಿಲ್ಲ. ಈ ರಿಯಾಯಿತಿ ಬಂದದ್ದು 1990ರಲ್ಲಿ. "ಗೋಲಿ ಬಿಟ್ಟು ಇನ್ನೊಬ್ಬ ಇರಬೇಕು" ಅನ್ನುವುದು ಬಾಯಿಮಾತಿನ ಲೆಕ್ಕ. ಗೋಲಿಯೇ ಮುಂದಕ್ಕೆ ಓಡಿ ಬಂದಿದ್ದರೆ? ಆಗ ಹಿಂದುಳಿದವರಲ್ಲೇ ಇಬ್ಬರನ್ನು ಎಣಿಸಬೇಕು. 1925ಕ್ಕೆ ಮುಂಚೆಯಂತೂ ಮೂವರನ್ನು ಎಣಿಸಬೇಕಿತ್ತು.

ನೂರಕ್ಕೆ ತೊಂಬತ್ತು ಜಗಳ ಹುಟ್ಟುವುದು ಹೊತ್ತಿನ ವಿಷಯಕ್ಕೆ. ಜೊತೆಗಾರ ಚೆಂಡು ಒದ್ದ ಕ್ಷಣದಲ್ಲಿ ನೀನೆಲ್ಲಿದ್ದೆ ಅನ್ನುವುದಷ್ಟೇ ಪ್ರಶ್ನೆ. ಚೆಂಡು ಸಿಕ್ಕಾಗ ಎಲ್ಲಿದ್ದೆ ಅನ್ನುವುದಲ್ಲ. ಬಸ್ಸು ಬಿಕ್ಕೋಡು ಬಿಟ್ಟಾಗ ನೀವು ಒಳಗಿದ್ದಿರಾ ಅಂತ ಕಂಡಕ್ಟರ್ ಕೇಳುತ್ತಾನೆಯೇ ಹೊರತು ಬೇಲೂರಿನಲ್ಲಿ ಎಲ್ಲಿ ಇಳಿದಿರಿ ಅಂತಲ್ಲ! ಜನ ನೋಡುವುದು ಚೆಂಡು ಸಿಕ್ಕ ಜಾಗವನ್ನು, ಅದಕ್ಕೇ ಕೂಗಾಟ.

ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ. ಆ ಜಾಗದಲ್ಲಿ ಸುಮ್ಮನೆ ನಿಲ್ಲುವುದು ತಪ್ಪೇ ಅಲ್ಲ. ಅಲ್ಲಿಂದ ಚೆಂಡು ಮುಟ್ಟಿದರೆ ತಪ್ಪು. ಗೋಲಿಯ ಕಣ್ಣಿಗೆ ಅಡ್ಡ ನಿಂತರೆ ಮುಟ್ಟದಿದ್ದರೂ ತಪ್ಪು. ಕಂಬಕ್ಕೆ ಬಡಿದು ವಾಪಸ್ ಬಂದ ಚೆಂಡನ್ನು ಒಳಗೆ ತಳ್ಳಿದರೂ ತಪ್ಪು. ಸೊಂಟದ ಮೇಲೆ ಕೈಯಿಟ್ಟು ಅತ್ತ ಮೂಲೆಯಲ್ಲಿ ನಿಂತವನಿಗೆ ಸೀಟಿ ಊದುವ ರೆಫರಿ ಆಟ ಕೆಡಿಸಿದಂತೆಯೇ. ಗೋಲ್ ಕಿಕ್, ಥ್ರೋ, ಕಾರ್ನರ್ ಈ ಮೂರರಿಂದ ನೇರವಾಗಿ ಚೆಂಡು ಸಿಕ್ಕರೆ ಆಫ್‌ಸೈಡ್ ಇಲ್ಲವೇ ಇಲ್ಲ.

ಕತಾರಿನಲ್ಲಿ ಇದನ್ನು ಹಿಡಿಯಲು ಕ್ರೀಡಾಂಗಣದ ಛಾವಣಿಯಡಿ 12 ಕ್ಯಾಮರಾ ಇದ್ದವು, ಚೆಂಡಿನೊಳಗೂ ಒಂದು ಯಂತ್ರ. ಇಲ್ಲಿ? ರೆಫರಿಯೊಬ್ಬನೇ. ಒದ್ದವನನ್ನೂ ಓಡಿದವನನ್ನೂ ಒಂದೇ ಕ್ಷಣದಲ್ಲಿ ನೋಡು ಅಂದರೆ ಅವನಿಗೇನು ನಾಲ್ಕು ಕಣ್ಣೇ? ತಂಡಕ್ಕೊಬ್ಬನಂತೆ ಇಬ್ಬರನ್ನು ಪಕ್ಕದ ಗೆರೆಗೆ ನಿಲ್ಲಿಸಿದರೆ ಅರ್ಧ ತಲೆನೋವು ಹೋಗುತ್ತದೆ. ಬಾವುಟಕ್ಕೆ ಹಳೇ ಟವೆಲ್ ಸಾಕು. ಆದರೆ ಆ ಹುಡುಗ ಮಧ್ಯದ ಗೆರೆಯಲ್ಲಿ ಕಡಲೇಕಾಯಿ ತಿನ್ನುತ್ತಾ ನಿಂತರೆ ಪ್ರಯೋಜನವಿಲ್ಲ. ಕೊನೆಯಿಂದ ಎರಡನೆಯ ಎದುರಾಳಿಯ ಸರಿಸಮಕ್ಕೆ ಓಡಾಡುತ್ತಲೇ ಇರಬೇಕು.

ಅದೂ ಆಗದಿದ್ದರೆ ನಿಯಮವನ್ನೇ ಕೈಬಿಟ್ಟು ಆಡಬಹುದು, ಅದರಲ್ಲಿ ಅವಮಾನವೇನಿಲ್ಲ. ಐದೈದು ಜನರ ಫುಟ್ಸಾಲ್‌ನಲ್ಲಿ ಆಫ್‌ಸೈಡ್ ಇಲ್ಲ. ಪಕ್ಕದ ಕೊಡಗಿನವರ ಪ್ರಾಣವಾದ ಹಾಕಿಯಲ್ಲೂ 1990ರ ದಶಕದಲ್ಲೇ ತೆಗೆದುಹಾಕಿದರು. ಇರುತ್ತೋ ಇಲ್ಲವೋ ಅನ್ನುವುದನ್ನು ಎರಡೂ ಕಡೆಯ ಕ್ಯಾಪ್ಟನ್‌ಗಳು ಟಾಸ್ ಹಾಕುವ ಮುಂಚೆಯೇ ಮಾತಾಡಿಕೊಂಡರಾಯಿತು. ಮೊದಲ ಗೋಲು ಬಿದ್ದ ಮೇಲೆ ಕೇಳಿದರೆ ಯಾವ ಕ್ಯಾಪ್ಟನ್ ಒಪ್ಪುತ್ತಾನೆ?